ಪೋರ್ಟ್ ಮಾಡಿದ ಹೆಡ್‌ನಲ್ಲಿ ಗಾಳಿ ನಿಜಕ್ಕೂ ಜಾಸ್ತಿ ಆಯ್ತಾ? ಅಳೆದು ನೋಡುವ ಬಗೆ

ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ನಮ್ಮದೊಂದು ಸಣ್ಣ ಶೆಡ್ ಇದೆ. ಒಂದು ಹಳೆ ಲೇಥ್, ಒಂದು ಡೈ ಗ್ರೈಂಡರ್, ಮೂಲೆಯಲ್ಲಿ ಪ್ಲೈವುಡ್‌ನ ಒಂದು ಪೆಟ್ಟಿಗೆ. ಆಗಾಗ ಯಾರಾದರೂ ಹುಡುಗರು ಬೈಕಿನ ಹೆಡ್ ಅನ್ನು (ಎಂಜಿನ್ನಿನ ಮೇಲ್ಭಾಗ, ವಾಲ್ವ್ ಇರುವ ಕಡೆ) ಪೇಪರಿನಲ್ಲಿ ಸುತ್ತಿಕೊಂಡು ಬರುತ್ತಾರೆ. ಬಿಚ್ಚಿದರೆ ಪೋರ್ಟ್, ಅಂದರೆ ಗಾಳಿ ಓಡಾಡುವ ದಾರಿ, ಒಳಗೆ ಸ್ಟೀಲ್ ತಾಟಿನ ಹಾಗೆ ಹೊಳೆಯುತ್ತಿರುತ್ತದೆ. "ಅಣ್ಣಾ, ಬೆರಳ ಹಾಕಿ ನೋಡ್ರಿ, ಎಷ್ಟ ನುಣ್ಣಗ ಆಗೇತಿ! ಎಷ್ಟ ಪವರ್ ಜಾಸ್ತಿ ಆಗಿರಬಹುದ್ರಿ?"

ಬೆರಳಿಗೆ ಅದು ಗೊತ್ತಾಗುವುದಿಲ್ಲ. ಕಣ್ಣಿಗೂ ಗೊತ್ತಾಗುವುದಿಲ್ಲ. ಪೋರ್ಟ್ ಅನ್ನು ಹೀಗೆ ಕೊರೆದು ತಿದ್ದುವುದಕ್ಕೆ ಪೋರ್ಟಿಂಗ್ ಅನ್ನುತ್ತಾರೆ. ದೊಡ್ಡದು ಮಾಡಿ, ಹೊಳಪು ಕೊಟ್ಟ ಪೋರ್ಟ್ ಮೊದಲಿಗಿಂತ ಕಡಿಮೆ ಗಾಳಿ ಬಿಟ್ಟದ್ದನ್ನು ನೋಡಿದ್ದೇನೆ. ಹಾಗಾಗಿ ಅಳೆಯಬೇಕು. ಅಳೆಯುವ ಮುಂಚೆ ಅಳೆಯುವ ಪೆಟ್ಟಿಗೆಯೇ ಎಷ್ಟು ಸುಳ್ಳು ಹೇಳುತ್ತದೆ ಅಂತ ತಿಳಿದುಕೊಳ್ಳಬೇಕು. ಜಾಸ್ತಿ ಜನ ಬಿಟ್ಟುಬಿಡುವುದು ಇದನ್ನೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಫೋರ್ ಸ್ಟ್ರೋಕ್ ಎಂಜಿನ್‌ಗಳ ವಿಷಯ. ಟೂ ಸ್ಟ್ರೋಕ್ ಆರ್‌ಎಕ್ಸ್ 100 ಬೈಕ್ ಇಟ್ಟುಕೊಂಡವರು ಬೇಜಾರಾಗಬೇಡಿ. ಅದರ ಪೋರ್ಟ್‌ಗಳು ಬ್ಯಾರೆಲ್‌ನಲ್ಲಿವೆ (ಪಿಸ್ಟನ್ ಓಡಾಡುವ ಸಿಲಿಂಡರ್), ಹೆಡ್ ಬರೀ ಮುಚ್ಚಳ. ಅದರ ಲೆಕ್ಕವೇ ಬೇರೆ.

ಪೆಟ್ಟಿಗೆ

ಗಾಳಿ ಅಳೆಯುವ ಈ ಸಾಧನಕ್ಕೆ ಫ್ಲೋ ಬೆಂಚ್ ಅನ್ನುತ್ತಾರೆ. ಕೊಂಡರೆ ದುಬಾರಿ. ಮಾಡಿಕೊಂಡರೆ ಒಂದು ಪ್ಲೈವುಡ್ ಹಾಳೆ ಮತ್ತು ಹಳೆ ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಮುಗಿಯುತ್ತದೆ.

ಪೆಟ್ಟಿಗೆಗೆ ನಡುವೆ ಒಂದು ಗೋಡೆ ಹಾಕಿ ಎರಡು ಖಾನೆ ಮಾಡಿ. ಮೊದಲ ಖಾನೆಯ ಮೇಲೆ ಹೆಡ್ ಕೂರುತ್ತದೆ. ಎರಡನೇ ಖಾನೆಯಿಂದ ವ್ಯಾಕ್ಯೂಮ್ ಕ್ಲೀನರ್ ಗಾಳಿ ಎಳೆಯುತ್ತದೆ. ನಡುವಿನ ಗೋಡೆಯಲ್ಲಿ ತೆಳು ತಗಡಿನ ತಟ್ಟೆ, ತಟ್ಟೆಯಲ್ಲಿ ಚೂಪು ಅಂಚಿನ ಒಂದು ತೂತು. ಹೆಡ್ ಒಳಗಿಂದ ಬಂದ ಗಾಳಿಯೆಲ್ಲ ಈ ತೂತಿನಿಂದಲೇ ಹೋಗಬೇಕು. ಎಷ್ಟು ಗಾಳಿ ಹೋಯಿತು ಅಂತ ತೂತಿನ ಎರಡು ಬದಿಯ ಒತ್ತಡದ ವ್ಯತ್ಯಾಸ ಹೇಳುತ್ತದೆ. 100-150 ಸಿಸಿ ಬೈಕಿನ ಹೆಡ್‌ಗೆ ಒಂದು ಮೋಟಾರ್ ಸಾಕಾಗಬಹುದು. ಬುಲೆಟ್ ಹೆಡ್ ಇಡುವವರು ಎರಡು ಇಟ್ಟುಕೊಳ್ಳಿ. ಮೋಟಾರ್ ಪಕ್ಕದಲ್ಲಿ ಒಂದು ಸಣ್ಣ ಬಾಗಿಲು ಬೇಕು, ಎಳೆತ ಹೆಚ್ಚುಕಡಿಮೆ ಮಾಡಲು.

ಒತ್ತಡ ಅಳೆಯಲು ಗೌಂಡಿಗಳು ಮಟ್ಟ ನೋಡುವ ಪಾರದರ್ಶಕ ಪೈಪ್ ಸಾಕು. ಅದನ್ನು ಇಂಗ್ಲಿಷಿನ ಯು ಅಕ್ಷರದ ಹಾಗೆ ಬಗ್ಗಿಸಿ ಹಲಗೆಗೆ ಕಟ್ಟಿ, ನೀರು ತುಂಬಿ, ಪಕ್ಕದಲ್ಲಿ ಸ್ಕೇಲ್ ಅಂಟಿಸಿ. ಇಂಥವು ಎರಡು ಬೇಕು. ಮೊದಲನೆಯದರ ಒಂದು ತುದಿ ಮೊದಲ ಖಾನೆಗೆ, ಇನ್ನೊಂದು ತುದಿ ಹೊರಗಿನ ಗಾಳಿಗೆ. ಇದು ಪರೀಕ್ಷೆಯ ಒತ್ತಡ ತೋರಿಸುತ್ತದೆ. ಎರಡನೆಯದು ನಡುಗೋಡೆಯ ಎರಡೂ ಬದಿಗೆ. ಇದು ಗಾಳಿಯ ಪ್ರಮಾಣ ತೋರಿಸುತ್ತದೆ.

ನೀರು ಕಾಣಲಿ ಅಂತ ನಾನು ಮೊದಲ ಸಲ ಕುಂಕುಮ ಹಾಕಿದ್ದೆ. ಅರ್ಧ ಗಂಟೆಯಲ್ಲಿ ಎಲ್ಲ ತಳಕ್ಕೆ ಕೂತಿತು. ಸ್ವೀಟಿಗೆ ಹಾಕುವ ಬಣ್ಣ ಒಂದು ಚಿಟಿಕೆ, ಜೊತೆಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿ. ಸೋಪು ಹಾಕಿದರೆ ನೀರು ಪೈಪಿನ ಗೋಡೆಗೆ ಅಂಟುವುದು ಕಡಿಮೆಯಾಗುತ್ತದೆ.

ಓದುವಾಗ ಒಂದು ಬದಿಯ ಏರಿಕೆ ಮಾತ್ರ ನೋಡಬೇಡಿ. ಒಂದು ಕಡೆ ಏರಿದಷ್ಟು ಇನ್ನೊಂದು ಕಡೆ ಇಳಿದಿರುತ್ತದೆ. ಎರಡು ಮಟ್ಟಗಳ ನಡುವಿನ ಪೂರ್ತಿ ಎತ್ತರವೇ ಲೆಕ್ಕಕ್ಕೆ.

10 ಇಂಚೋ, 28 ಇಂಚೋ?

ಪೋರ್ಟಿಂಗ್ ಲೋಕದಲ್ಲಿ ಹೆಚ್ಚು ನಡೆಯುವ ಪರೀಕ್ಷೆಯ ಒತ್ತಡ 28 ಇಂಚು ನೀರು, ಅಂದರೆ ಸುಮಾರು 71 ಸೆಂ.ಮೀ. ಮನೆಯಲ್ಲಿ ಮಾಡಿದ ಪೆಟ್ಟಿಗೆಗೆ ಅಷ್ಟು ತಾಕತ್ತು ಇರುವುದಿಲ್ಲ. 10 ಇಂಚಿನಲ್ಲಿ, ಅಂದರೆ 25.4 ಸೆಂ.ಮೀ.ನಲ್ಲಿ ಅಳೆದರೆ ಸಾಕು. ಗಾಳಿಯ ಪ್ರಮಾಣ ಒತ್ತಡದ ವರ್ಗಮೂಲಕ್ಕೆ ತಕ್ಕ ಹಾಗೆ ಏರುತ್ತದೆ. 28 ಭಾಗಿಸು 10 ಅಂದರೆ 2.8, ಅದರ ವರ್ಗಮೂಲ 1.67. ನಿಮ್ಮ 10 ಇಂಚಿನ ಅಂಕಿಯನ್ನು 1.67ರಿಂದ ಗುಣಿಸಿದರೆ 28 ಇಂಚಿನ ಅಂಕಿ ಬರುತ್ತದೆ.

ಇಲ್ಲೇ ಒಂದು ಆಟ ನಡೆಯುತ್ತದೆ. "ಮೊದಲು 60 ಸಿಎಫ್ಎಂ ಇತ್ತು, ಈಗ 100 ಆಗಿದೆ" ಅಂತ ಯಾರಾದರೂ ಹೇಳಿದರೆ ಎರಡನ್ನೂ ಯಾವ ಒತ್ತಡದಲ್ಲಿ ಅಳೆದರು ಅಂತ ಕೇಳಿ. 60ನ್ನು 1.67ರಿಂದ ಗುಣಿಸಿ ನೋಡಿ. ಹೆಡ್ ಮುಟ್ಟದೇ 100 ಬಂತು, ಅಲ್ವಾ? ಸಿಎಫ್ಎಂ ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಅಂತ. ಒಂದು ಸಿಎಫ್ಎಂ ಅಂದರೆ ನಿಮಿಷಕ್ಕೆ ಸುಮಾರು 28.3 ಲೀಟರ್. ಒತ್ತಡ ಹೇಳದ ಸಿಎಫ್ಎಂ ಅಂಕಿಗೆ ಅರ್ಥವಿಲ್ಲ.

ವರ್ಗಮೂಲದ ಇನ್ನೊಂದು ಪೆಟ್ಟು ಎರಡನೇ ಪೈಪಿನಲ್ಲಿ ಬೀಳುತ್ತದೆ. ಪೋರ್ಟಿಂಗ್ ಮುಂಚೆ ಅದು 80 ಮಿ.ಮೀ. ತೋರಿಸಿತ್ತು, ಆಮೇಲೆ 92 ಅಂತ ಇಟ್ಟುಕೊಳ್ಳಿ. ನೀರು 15% ಏರಿದೆ. ಗಾಳಿ? 92 ಭಾಗಿಸು 80 ಅಂದರೆ 1.15, ಅದರ ವರ್ಗಮೂಲ 1.07. ಜಾಸ್ತಿ ಆದದ್ದು 7% ಮಾತ್ರ.

ಪೆಟ್ಟಿಗೆಯ ಸುಳ್ಳು ಹಿಡಿಯುವುದು

ಹೆಡ್ ಇಡುವ ಜಾಗವನ್ನು ದಪ್ಪ ಗಾಜಿನಿಂದ ಮುಚ್ಚಿ ಮೋಟಾರ್ ಹಚ್ಚಿ. ಬಾಗಿಲು ತೆರೆದಿಟ್ಟು ಶುರುಮಾಡಿ, ಇಲ್ಲದಿದ್ದರೆ ನೀರೆಲ್ಲ ಪೆಟ್ಟಿಗೆಯೊಳಗೆ ಹೋಗುತ್ತದೆ. 10 ಇಂಚಿಗೆ ತಂದಾಗ ಎರಡನೇ ಪೈಪಿನ ನೀರು ಅಲುಗಬಾರದು. ಅಲುಗಿದರೆ ಎಲ್ಲೋ ಸೋರಿಕೆ ಇದೆ. ಊದಿನಕಡ್ಡಿ ಹಚ್ಚಿ ಮೂಲೆಮೂಲೆ ಹಿಡಿಯಿರಿ, ಹೊಗೆ ಒಳಗೆ ಎಳೆದುಕೊಳ್ಳುವ ಕಡೆ ಸಿಲಿಕೋನ್ ಹಚ್ಚಿ.

ಆಮೇಲೆ ಅಳತೆಯ ತಟ್ಟೆ. 3 ಮಿ.ಮೀ. ದಪ್ಪದ ತಟ್ಟೆಯಲ್ಲಿ ಲೇಥ್ ಮೇಲೆ ಸರಿಯಾಗಿ 30 ಮಿ.ಮೀ. ತೂತು ಹೊಡೆಯಿರಿ. ಅಂಚು ಚೂಪಾಗಿರಲಿ. ಎಮರಿ ಹಾಕಿ ಗುಂಡಗೆ ಮಾಡಿದರೆ ಅದೇ ತೂತು ಎಷ್ಟೋ ಜಾಸ್ತಿ ಗಾಳಿ ಬಿಡುತ್ತದೆ, ತಟ್ಟೆ ಕೆಟ್ಟ ಹಾಗೆ. ಇಂಥ ತೂತಿನಲ್ಲಿ 10 ಇಂಚಿನಲ್ಲಿ ಸುಮಾರು 60 ಸಿಎಫ್ಎಂ ಹೋಗುತ್ತದೆ. ಇದನ್ನು ಹೆಡ್ ಜಾಗದಲ್ಲಿಟ್ಟಾಗ ಎರಡನೇ ಪೈಪ್ ಎಷ್ಟು ತೋರಿಸುತ್ತದೆ ಅಂತ ಬರೆದಿಡಿ. ನಡುಗೋಡೆಯ ತೂತು 38 ಮಿ.ಮೀ. ಇದ್ದರೆ ಸುಮಾರು 100 ಮಿ.ಮೀ. ಬರಬೇಕು. ಈಗ ಹೆಡ್ ಇಟ್ಟು 36 ಮಿ.ಮೀ. ಬಂತು ಅಂದರೆ: 36 ಭಾಗಿಸು 100, ವರ್ಗಮೂಲ 0.6, ಗುಣಿಸು 60, ಅಂದರೆ 36 ಸಿಎಫ್ಎಂ. 28 ಇಂಚಿಗೆ ತಂದರೆ 60.

ವಾಲ್ವ್ ಬರೀ 1-2 ಮಿ.ಮೀ. ತೆರೆದಾಗ 38ರ ತೂತಿನಲ್ಲಿ ನೀರು ಅಲುಗುವುದೇ ಕಷ್ಟ. ಆಗ ನಡುಗೋಡೆಗೆ 20 ಮಿ.ಮೀ. ತೂತಿನ ತಟ್ಟೆ ಹಾಕಿ, ಹೋಲಿಸಲು 15 ಮಿ.ಮೀ. ತೂತಿನ ಅಳತೆ ತಟ್ಟೆ ಬಳಸಿ. ಅದರ ಲೆಕ್ಕ 60ರ ನಾಲ್ಕನೇ ಒಂದು ಭಾಗ, ಅಂದರೆ 15 ಸಿಎಫ್ಎಂ.

ಈ ಅಳತೆ ತಟ್ಟೆಯನ್ನು ಕೆಲಸ ಶುರುಮಾಡುವಾಗ ಒಮ್ಮೆ, ಮುಗಿಸುವಾಗ ಒಮ್ಮೆ ಇಡಲೇಬೇಕು. ಹುಬ್ಬಳ್ಳಿ ಸಮುದ್ರಮಟ್ಟದಿಂದ 600 ಮೀಟರ್‌ಗಿಂತ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನದ ತಗಡಿನ ಶೆಡ್ಡಿನ ಗಾಳಿಯೇ ಬೇರೆ, ಡಿಸೆಂಬರ್ ಬೆಳಗಿನ ಗಾಳಿಯೇ ಬೇರೆ. ಅದೇ ಗಾಳಿ ಹೆಡ್‌ನಲ್ಲೂ ತೂತಿನಲ್ಲೂ ಹೋಗುವುದರಿಂದ ತಟ್ಟೆಗೆ ಹೋಲಿಸಿದರೆ ಆ ವ್ಯತ್ಯಾಸ ಬಹುಮಟ್ಟಿಗೆ ತಾನೇ ಹೊಡೆದುಹೋಗುತ್ತದೆ. ಸಂಜೆ ವೋಲ್ಟೇಜ್ ಇಳಿದು ಮೋಟಾರ್ ಸೊರಗಿದರೂ ಚಿಂತೆಯಿಲ್ಲ, ಬಾಗಿಲು ಸರಿಸಿ ಮತ್ತೆ ಸರಿಯಾಗಿ 25.4 ಸೆಂ.ಮೀ.ಗೆ ತನ್ನಿ. ಪ್ರತಿ ಓದಿಗೂ ಮುಂಚೆ ಮೊದಲ ಪೈಪ್ ನೋಡುವುದು ರೂಢಿಯಾಗಲಿ.

ಈಗ ನಿಜವಾದ ಪರೀಕ್ಷೆ. ಒಂದೇ ಹೆಡ್ ಅನ್ನು ಕೂರಿಸಿ, ಅಳೆದು, ಪೂರ್ತಿ ಬಿಚ್ಚಿ, ಮತ್ತೆ ಕೂರಿಸಿ ಅಳೆಯಿರಿ. ಐದು ಸಲ. ಬೇಜಾರಿನ ಕೆಲಸ, ಆದರೂ ಮಾಡಿ. ಐದು ಓದುಗಳಲ್ಲಿ ದೊಡ್ಡದಕ್ಕೂ ಚಿಕ್ಕದಕ್ಕೂ 2% ವ್ಯತ್ಯಾಸ ಬಂದರೆ ಅದೇ ನಿಮ್ಮ ಪೆಟ್ಟಿಗೆಯ ಸುಳ್ಳು. ಇನ್ನು ಮುಂದೆ 1.5% ಗಳಿಕೆ ಕಂಡರೆ ಅದನ್ನು ಗಳಿಕೆ ಅನ್ನಬೇಡಿ.

ಹೆಡ್ ಕೂರಿಸುವುದು

ಹೆಡ್ ಅನ್ನು ನೇರವಾಗಿ ಪೆಟ್ಟಿಗೆ ಮೇಲೆ ಇಡಬಾರದು. ಎಂಜಿನ್‌ನಲ್ಲಿ ವಾಲ್ವ್ ಪಕ್ಕದಲ್ಲೇ ಬೋರ್‌ನ (ಸಿಲಿಂಡರ್ ಒಳಗಿನ ತೂತಿನ) ಗೋಡೆ ಇರುತ್ತದೆ, ಅದು ಗಾಳಿಯನ್ನು ತಡೆಯುತ್ತದೆ. ಹಾಗಾಗಿ ಅದೇ ಬೋರ್‌ನ ಕೊಳವೆ ನಡುವೆ ಬೇಕು. ಹಳೆ ಸ್ಪ್ಲೆಂಡರ್‌ಗೆ 50 ಮಿ.ಮೀ., ಹಳೆ ಬುಲೆಟ್ 350ಕ್ಕೆ 70 ಮಿ.ಮೀ. ಗುಜರಿಯಲ್ಲಿ ಸವೆದ ಬ್ಯಾರೆಲ್ ತಂದುಬಿಡಿ, ಅದಕ್ಕಿಂತ ಒಳ್ಳೆಯ ಕೊಳವೆ ಇಲ್ಲ.

ಇನ್‌ಟೇಕ್ ಬಾಯಿಗೆ, ಅಂದರೆ ಗಾಳಿ ಒಳಗೆ ಹೋಗುವ ಪೋರ್ಟ್‌ನ ಬಾಯಿಗೆ, ಮಕ್ಕಳು ಆಡುವ ಬಣ್ಣದ ಕ್ಲೇ ಹಚ್ಚಿ ಗುಂಡಗಿನ ಅಂಚು ಮಾಡಿ. ಚೂಪು ಅಂಚಿನಲ್ಲಿ ಗಾಳಿ ತಡವರಿಸಿ ಅಂಕಿ ಕೆಡುತ್ತದೆ. ಸ್ಪಾರ್ಕ್ ಪ್ಲಗ್ ಹಾಕುವುದನ್ನು ಮರೆಯಬೇಡಿ. ನಗಬೇಡಿ, ಮರೆಯುತ್ತೀರಿ.

ವಾಲ್ವ್ ತೆರೆಯಲು ಒಂದು ಪಟ್ಟಿ ಬಿಗಿದು, ಅದರಲ್ಲಿ ಎಂ6 ಬೋಲ್ಟ್ ಕೂರಿಸಿ ವಾಲ್ವ್ ಕಡ್ಡಿಯನ್ನು ಒತ್ತುವ ಹಾಗೆ ಮಾಡಿ. ಸಾದಾ ಎಂ6 ಬೋಲ್ಟಿನ ಒಂದು ಸುತ್ತು ಅಂದರೆ 1 ಮಿ.ಮೀ. ಡಯಲ್ ಗೇಜ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಬೋಲ್ಟ್ ತಲೆಗೆ ಬಿಳಿ ಗುರುತು ಹಾಕಿ ಸುತ್ತು ಎಣಿಸಿ.

ಬೋಲ್ಟ್ ತಿರುಗಿಸುವುದು ಹಗುರವಾಗಲಿ ಅಂತ ಮೂಲ ಸ್ಪ್ರಿಂಗ್ ತೆಗೆದು ಮೆತ್ತನೆಯ ಸ್ಪ್ರಿಂಗ್ ಹಾಕುತ್ತಾರೆ. ನಾನೂ ಹಾಕಿದೆ, ಎರಡೂ ವಾಲ್ವ್‌ಗೆ. ಅವತ್ತು ಪೋರ್ಟ್ ಮಾಡಿದ ಹೆಡ್ 9% ಜಾಸ್ತಿ ತೋರಿಸಿತು. ಖುಷಿಯಲ್ಲಿ ಪಕ್ಕದ ಶೆಡ್ಡಿನವರಿಗೆಲ್ಲ ಗಿರ್ಮಿಟ್ ಕೊಡಿಸಿದೆ. ಮರುದಿನ ಎಕ್ಸಾಸ್ಟ್ ಬಾಯಿ ಹತ್ತಿರ ಕೈ ಹೋದಾಗ ತಣ್ಣನೆ ಗಾಳಿ ಒಳಗೆ ಎಳೆಯುತ್ತಿತ್ತು. ಪೆಟ್ಟಿಗೆಯ ಎಳೆತ ವಾಲ್ವ್ ತೆರೆಯುವ ದಿಕ್ಕಿನಲ್ಲೇ ಇರುತ್ತದೆ. 28 ಇಂಚಿನಲ್ಲಿ 30 ಮಿ.ಮೀ. ವಾಲ್ವ್ ಮೇಲೆ ಸುಮಾರು ಅರ್ಧ ಕೆ.ಜಿ. ಎಳೆತ ಬೀಳುತ್ತದೆ. ನನ್ನದು 10 ಇಂಚು, ಆದರೂ ಮೆತ್ತನೆಯ ಸ್ಪ್ರಿಂಗ್ ಸೋತು ಎಕ್ಸಾಸ್ಟ್ ವಾಲ್ವ್ ಕೂದಲೆಳೆಯಷ್ಟು ತೆರೆದಿತ್ತು. ಮೂಲ ಸ್ಪ್ರಿಂಗ್ ಹಾಕಿ ಅಳೆದರೆ ಗಳಿಕೆ 3%. ಅಂದಿನಿಂದ ಅಳೆಯದ ವಾಲ್ವ್‌ಗೆ ಮೂಲ ಸ್ಪ್ರಿಂಗೇ ಇರುತ್ತದೆ, ಅದರ ಪೋರ್ಟ್ ಬಾಯಿಗೆ ಟೇಪ್ ಕೂಡ.

ಮೊದಲು ಮುಟ್ಟದ ಹೆಡ್

ಇಂಗಾಲ ತುಂಬಿದ, ವಾಲ್ವ್ ಸೋರುವ ಹೆಡ್ ಅಳೆದು, ಆಮೇಲೆ ಪೋರ್ಟ್ ಮಾಡಿ ವಾಲ್ವ್ ಉಜ್ಜಿ ಅಳೆದರೆ ಯಾವುದರಿಂದ ಏನು ಬಂತು ಅಂತ ತಿಳಿಯುವುದಿಲ್ಲ. ಮೊದಲು ಸ್ವಚ್ಛ ಮಾಡಿ, ವಾಲ್ವ್ ಪೇಸ್ಟ್ ಹಾಕಿ ಕೂರಿಸಿ, ಅಳೆಯಿರಿ. ಅದು ನಿಮ್ಮ ಮೊದಲ ಸಾಲು. ಸೀಟ್ (ವಾಲ್ವ್ ಬಂದು ಕೂರುವ ಬಳೆ) ಕಟಿಂಗ್ ಮಾಡಿ ಅಳೆಯಿರಿ, ಎರಡನೇ ಸಾಲು. ಸೀಟ್ ಕೆಳಗಿನ ಗುಳಿ ಸರಿಮಾಡಿ ಅಳೆಯಿರಿ, ಮೂರನೇ ಸಾಲು. ಒಂದು ಸಲಕ್ಕೆ ಒಂದೇ ಬದಲಾವಣೆ. ಅಂಥದ್ದೇ ಇನ್ನೊಂದು ಹೆಡ್ ಸಿಕ್ಕರೆ ಮುಟ್ಟದೇ ಇಟ್ಟುಕೊಂಡು ಪ್ರತಿ ಸಲ ಅದನ್ನೂ ಅಳೆಯಿರಿ.

ವಾಲ್ವ್ ಅನ್ನು 1 ಮಿ.ಮೀ. ಮೆಟ್ಟಿಲಿನಲ್ಲಿ ತೆರೆಯುತ್ತಾ ಹೋಗಿ. ಎಲ್ಲಿಯವರೆಗೆ? ಎಂಜಿನ್‌ನಲ್ಲಿ ವಾಲ್ವ್ ತೆರೆಯುವ ಕ್ಯಾಮ್ ಅದನ್ನು ಎತ್ತುವಷ್ಟು. ಈ ಎತ್ತುವಿಕೆಗೆ ಲಿಫ್ಟ್ ಅನ್ನುತ್ತಾರೆ. ಅದಕ್ಕಿಂತ ಮೇಲಿನ ಅಂಕಿ ಸುಮ್ನೆ ತೋರಿಕೆಗೆ. ವಾಲ್ವ್ ತನ್ನ ಅಗಲದ ಕಾಲು ಭಾಗ ತೆರೆದಾಗ ಸುತ್ತಲಿನ ಕಿಂಡಿಯ ವಿಸ್ತೀರ್ಣ ವಾಲ್ವ್ ಮುಖದ ವಿಸ್ತೀರ್ಣಕ್ಕೆ ಸಮವಾಗುತ್ತದೆ. 30 ಮಿ.ಮೀ. ವಾಲ್ವ್‌ಗೆ ಅದು 7.5 ಮಿ.ಮೀ. ಕಡಿಮೆ ತೆರೆದಾಗ ಗಾಳಿಯನ್ನು ತಡೆಯುವುದು ಸೀಟ್ ಮತ್ತು ವಾಲ್ವ್ ಅಂಚು. ಜಾಸ್ತಿ ತೆರೆದಾಗ ತಡೆಯುವುದು ಪೋರ್ಟ್. ಈ ಒಂದು ಮಾತು ನೆನಪಿದ್ದರೆ ಅಂಕಿ ಏರಿದ ಕಡೆ ನೋಡಿ ಕೆಲಸ ಎಲ್ಲಿ ಫಲಿಸಿತು ಅಂತ ಹೇಳಬಹುದು.

ದೊಡ್ಡ ಅಂಕಿಯ ಮೋಸ

ಕೆಳಗಿನದು ಲೆಕ್ಕ ತೋರಿಸಲು ನಾನು ಬರೆದ ಉದಾಹರಣೆ. 30 ಮಿ.ಮೀ. ವಾಲ್ವ್, 28 ಇಂಚಿಗೆ ತಂದ ಸಿಎಫ್ಎಂ ಅಂಕಿಗಳು. ಮೊದಲನೆಯದು ಮುಟ್ಟದ ಹೆಡ್. ಎರಡನೆಯದರಲ್ಲಿ ಪೋರ್ಟ್ ಅನ್ನು ದೊಡ್ಡದು ಮಾಡಿದೆ, ಸೀಟ್ ಮುಟ್ಟಿಲ್ಲ. ಮೂರನೆಯದರಲ್ಲಿ ಸೀಟ್‌ಗೆ ಮೂರು ಕೋನದ ಕಟಿಂಗ್, ಸೀಟ್ ಕೆಳಗಿನ ಗುಳಿ ಸರಿ, ಪೋರ್ಟ್ ಹಾಗೇ ಇದೆ.

| ಲಿಫ್ಟ್ (ಮಿ.ಮೀ.) | ಮುಟ್ಟದ್ದು | ದೊಡ್ಡ ಪೋರ್ಟ್ | ಸೀಟ್ ಕೆಲಸ |
|---|---|---|---|
| 1 | 14 | 14 | 16 |
| 2 | 27 | 27 | 31 |
| 3 | 40 | 40 | 45 |
| 4 | 51 | 51 | 56 |
| 5 | 60 | 62 | 64 |
| 6 | 65 | 70 | 68 |
| 7 | 68 | 76 | 70 |
| ಒಟ್ಟು | 325 | 340 | 350 |

7 ಮಿ.ಮೀ. ಲಿಫ್ಟ್ ಮಾತ್ರ ನೋಡಿದರೆ ದೊಡ್ಡ ಪೋರ್ಟ್ 12% ಗೆದ್ದಿದೆ, ಸೀಟ್ ಕೆಲಸ 3%. ಎಲ್ಲ ಲಿಫ್ಟ್ ಕೂಡಿಸಿದರೆ ದೊಡ್ಡ ಪೋರ್ಟ್ 4.6%, ಸೀಟ್ ಕೆಲಸ 7.7%. ನನ್ನ ಓಟು ಸೀಟ್ ಕೆಲಸಕ್ಕೆ. ಕಾರಣ ಪಿಸ್ಟನ್. ಪಿಸ್ಟನ್ ಕೆಳಗೆ ಅತಿ ಜೋರಾಗಿ ಓಡುವುದು ಮೇಲಿನ ತುದಿ ಬಿಟ್ಟು ಕ್ರ್ಯಾಂಕ್ ಸುಮಾರು 75 ಡಿಗ್ರಿ ತಿರುಗಿದಾಗ. ಹೆಚ್ಚಿನ ಬೈಕ್‌ಗಳಲ್ಲಿ ಇನ್‌ಟೇಕ್ ವಾಲ್ವ್ ಪೂರ್ತಿ ತೆರೆಯುವುದು 105-110 ಡಿಗ್ರಿ ಹೊತ್ತಿಗೆ. ಎಂಜಿನ್ ಗಾಳಿಗಾಗಿ ಬಾಯಿ ಬಿಡುವಾಗ ವಾಲ್ವ್ ಇನ್ನೂ ಮೇಲೇರುವ ದಾರಿಯಲ್ಲಿದೆ.

ಸುಮ್ನೆ ಕೂಡಿಸುವುದು ಒರಟು ಲೆಕ್ಕ. ಇನ್ನೂ ಸರಿಯಾಗಿ ಬೇಕಿದ್ದರೆ ಕ್ರ್ಯಾಂಕ್‌ಗೆ ಡಿಗ್ರಿ ಚಕ್ರ ಕಟ್ಟಿ, ಪ್ರತಿ 10 ಡಿಗ್ರಿಗೆ ವಾಲ್ವ್ ಎಷ್ಟು ತೆರೆದಿದೆ ಅಂತ ಡಯಲ್ ಗೇಜಿನಲ್ಲಿ ಬರೆದುಕೊಳ್ಳಿ. ಪ್ರತಿ ಲಿಫ್ಟ್‌ಗೆ ನಿಮ್ಮ ಪಟ್ಟಿಯಿಂದ ಸಿಎಫ್ಎಂ ಹಾಕಿ ಸರಾಸರಿ ತೆಗೆಯಿರಿ. ಒಂದು ಮಧ್ಯಾಹ್ನದ ಕೆಲಸ.

ಕ್ಲೇ ಮೊದಲು, ಗ್ರೈಂಡರ್ ಆಮೇಲೆ

ತೆಗೆದ ಅಲ್ಯೂಮಿನಿಯಂ ಮರಳಿ ಬರುವುದಿಲ್ಲ. ಆದ್ದರಿಂದ ತೆಗೆಯುವ ಮುಂಚೆ ಹಚ್ಚಿ ನೋಡಿ. ಕಡಲೆಕಾಳಿನಷ್ಟು ಕ್ಲೇ ಉಂಡೆ ಮಾಡಿ ಪೋರ್ಟ್‌ನ ನೆಲಕ್ಕೆ ಒತ್ತಿ ಅಳೆಯಿರಿ. ಅಂಕಿ ಬೀಳದಿದ್ದರೆ ಅಲ್ಲಿ ಗಾಳಿ ಓಡಾಡುತ್ತಿಲ್ಲ ಅಂತ ಅರ್ಥ. ಅಲ್ಲಿ ಕೊರೆಯುವುದು ದಂಡ. ಉಂಡೆಯನ್ನು ಛಾವಣಿಗೆ, ಬದಿಗೆ, ವಾಲ್ವ್ ಗೈಡ್ ಪಕ್ಕಕ್ಕೆ ಸರಿಸುತ್ತಾ ಹೋಗಿ. ಅಂಕಿ ಧಪ್ ಅಂತ ಬಿದ್ದ ಕಡೆ ಗಾಳಿಯ ಹೆದ್ದಾರಿ ಇದೆ.

ಪೋರ್ಟ್‌ನ ನೆಲ ವಾಲ್ವ್ ಕಡೆ ಬಾಗುವ ಒಳತಿರುವು ಅತಿ ನಾಜೂಕು. ಅಲ್ಲಿ ತಿರುವು ಚೂಪಾದರೆ ಗಾಳಿ ನೆಲ ಬಿಟ್ಟು ಹಾರುತ್ತದೆ. ಕಿವಿಗೇ ಗೊತ್ತಾಗುತ್ತದೆ. ಸರಿಯಾದ ಪೋರ್ಟ್ ಒಂದೇ ಸಮನೆ ಸುಯ್ ಅನ್ನುತ್ತದೆ, ಕೆಟ್ಟದ್ದು ಬಾಯಿ ಮುಕ್ಕಳಿಸಿದ ಹಾಗೆ ಗರಗರ ಅನ್ನುತ್ತದೆ, ಎರಡನೇ ಪೈಪಿನ ನೀರು ಕುಣಿಯುತ್ತದೆ. ತೆಳು ತಂತಿಗೆ ಹೊಲಿಗೆ ದಾರ ಕಟ್ಟಿ ಒಳಗೆ ಹಿಡಿಯಿರಿ. ದಾರ ನೆಟ್ಟಗೆ ನಿಂತರೆ ಗಾಳಿ ಗೋಡೆಗೆ ಅಂಟಿ ಹೋಗುತ್ತಿದೆ. ಗಿರಗಿರ ತಿರುಗಿದರೆ ಅಲ್ಲಿ ಸುಳಿ ಇದೆ.

ಪೋರ್ಟ್ ಎಷ್ಟು ದೊಡ್ಡದಾಯಿತು ಅಂತಲೂ ಅಳೆಯಿರಿ

ವಾಲ್ವ್ ಮುಚ್ಚಿ, ಸೀಟ್‌ಗೆ ಗ್ರೀಸ್ ಹಚ್ಚಿ, ಪೋರ್ಟ್ ಬಾಯಿ ಮೇಲೆ ಮಾಡಿ ಸಿರಿಂಜಿನಿಂದ ಸೀಮೆಎಣ್ಣೆ ತುಂಬಿ. ಎಷ್ಟು ಮಿ.ಲೀ. ಹಿಡಿಯಿತು ಅಂತ ಬರೆದಿಡಿ, ಮುಂಚೆಯೂ ಆಮೇಲೂ. ಪೋರ್ಟ್ 15% ಹಿಗ್ಗಿ ಗಾಳಿ 5% ಮಾತ್ರ ಏರಿದರೆ ಗಾಳಿಯ ವೇಗ ಸುಮಾರು 9% ಇಳಿದಿದೆ. ಅಂಥ ಬೈಕ್ ಹೊಸೂರು ಸರ್ಕಲ್ ಟ್ರಾಫಿಕ್‌ನಲ್ಲಿ ಎರಡನೇ ಗೇರಿನಲ್ಲಿ ಕೆಮ್ಮುತ್ತದೆ. ರೇಸಿಗಾದರೆ ಬೇರೆ ಮಾತು. ಇನ್‌ಟೇಕ್‌ಗೆ ಕನ್ನಡಿ ಹೊಳಪೂ ಬೇಡ. 80 ನಂಬರ್ ಎಮರಿಯ ಒರಟು ಸಾಕು. ಹೊಳಪು ಏನಿದ್ದರೂ ಎಕ್ಸಾಸ್ಟ್‌ಗೆ, ಅಲ್ಲಿ ಇಂಗಾಲ ಕೂರುವುದು ಕಡಿಮೆಯಾಗುತ್ತದೆ.

ಎಕ್ಸಾಸ್ಟ್ ಅಳೆಯುವಾಗ ಗಾಳಿಯ ದಿಕ್ಕು ತಿರುಗಿಸಿ, ಬೋರ್ ಕಡೆಯಿಂದ ಹೊರಗೆ ಊದಬೇಕು. ಪೋರ್ಟ್ ಬಾಯಿಗೆ ಸಣ್ಣ ಪೈಪಿನ ತುಂಡು ಹಾಕಿ. ಇನ್‌ಟೇಕ್‌ನ 75-80% ಗಾಳಿ ಎಕ್ಸಾಸ್ಟ್‌ನಲ್ಲಿ ಹೋದರೆ ಅದನ್ನು ಮುಟ್ಟದೇ ಬಿಡಿ.

ಅಂಕಿಯಿಂದ ರಸ್ತೆಗೆ

ಒಂದು ಹಳೆ ಸೂತ್ರ ಇದೆ. 28 ಇಂಚಿನ ಸಿಎಫ್ಎಂ ಅನ್ನು 0.257ರಿಂದ ಗುಣಿಸಿದರೆ ಒಂದು ಸಿಲಿಂಡರ್‌ಗೆ ಎಷ್ಟು ಎಚ್‌ಪಿ ಸಾಧ್ಯ ಅಂತ ಬರುತ್ತದೆ. ಮೇಲಿನ 68 ಸಿಎಫ್ಎಂಗೆ 17.5 ಎಚ್‌ಪಿ. ಇದು ಮೇಲಿನ ಮಿತಿ, ಭರವಸೆ ಅಲ್ಲ. ನಿಮ್ಮ ಬೈಕ್ ಈಗ 12 ಎಚ್‌ಪಿ ಕೊಡುತ್ತಿದ್ದರೆ ಅದನ್ನು ಕಟ್ಟಿಹಾಕಿರುವುದು ಹೆಡ್ ಅಲ್ಲ. ಕ್ಯಾಮ್, ಕಾರ್ಬೋರೇಟರ್, ಸೈಲೆನ್ಸರ್ ಕಡೆ ನೋಡಿ.

ಇದನ್ನು ಪೆಟ್ಟಿಗೆಯಲ್ಲೇ ಪರೀಕ್ಷೆ ಮಾಡಬಹುದು. ಕ್ಲೇ ತೆಗೆದು ಮೂಲ ಮ್ಯಾನಿಫೋಲ್ಡ್, ಕಾರ್ಬೋರೇಟರ್ ಕಟ್ಟಿ, ಥ್ರಾಟಲ್ ಪೂರ್ತಿ ತೆರೆದು ಅಳೆಯಿರಿ. 8% ಇದ್ದ ಗಳಿಕೆ 1%ಗೆ ಇಳಿದರೆ ಬಾಟಲಿಯ ಕತ್ತು ಕಾರ್ಬೋರೇಟರ್‌ನಲ್ಲಿದೆ. ಪೇಪರಿನಲ್ಲಿ ಸುತ್ತಿಕೊಂಡು ಬಂದ ಎಷ್ಟೋ ಹೆಡ್‌ಗಳ ಕಥೆ ಇಲ್ಲಿಗೇ ಮುಗಿದಿದೆ.

ಎಂಜಿನ್ ಜೋಡಿಸಿದ ಮೇಲೆ ಗಾಳಿ ಜಾಸ್ತಿ ಆದಷ್ಟು ಪೆಟ್ರೋಲ್ ಕೂಡ ಬೇಕು. ಪ್ಲಗ್ ಬಿಳುಚಿದರೆ ಕಾರ್ಬೋರೇಟರ್‌ನಲ್ಲಿ ಪೆಟ್ರೋಲ್ ಬಿಡುವ ಮೇನ್ ಜೆಟ್ ಒಂದು ನಂಬರ್ ಏರಿಸಿ. ರಸ್ತೆಯ ಪರೀಕ್ಷೆಗೆ ಖಾಲಿ ರಸ್ತೆ ಹುಡುಕಿ, ಮೂರನೇ ಗೇರಿನಲ್ಲಿ 40ರಿಂದ 70ಕ್ಕೆ ಎಷ್ಟು ಸೆಕೆಂಡ್ ಅಂತ ಹಿಂದೆ ಕೂತವರು ಮೊಬೈಲಿನಲ್ಲಿ ಹಿಡಿಯಲಿ. ಪೋರ್ಟಿಂಗ್ ಮುಂಚೆಯೂ ಇದೇ ರಸ್ತೆ, ಇದೇ ಸವಾರ, ಹಿಂದೆ ಅದೇ ಗೆಳೆಯ. ಹೋಗುವಾಗ ಮೂರು ಸಲ, ಬರುವಾಗ ಮೂರು ಸಲ. ಗದಗ ರಸ್ತೆಯಲ್ಲಂತೂ ಇದು ಕಡ್ಡಾಯ. ಆಷಾಢದಲ್ಲಿ ಪಡುವಣ ಗಾಳಿ ಬೆನ್ನಿಗೆ ಬಿದ್ದರೆ ಮುಟ್ಟದ ಹೆಡ್ ಕೂಡ ಪೋರ್ಟ್ ಮಾಡಿದ ಹಾಗೆ ಓಡುತ್ತದೆ. ಆ ಕಡೆ ಗಾಳಿಯಂತ್ರ ನೆಟ್ಟದ್ದು ಸುಮ್ನೆ ಅಲ್ಲ.

ಪ್ರತಿ ಹೆಡ್‌ಗೂ ನೋಟ್‌ಬುಕ್ಕಿನಲ್ಲಿ ಒಂದು ಪುಟ ಇಡಿ. ತಾರೀಖು, ಪರೀಕ್ಷೆಯ ಒತ್ತಡ, ಅಳತೆ ತಟ್ಟೆಯ ಓದು ಶುರುವಿಗೆ ಮತ್ತು ಕೊನೆಗೆ, ಯಾವ ಬೋರ್‌ನ ಬ್ಯಾರೆಲ್, ಕ್ಲೇ ಇತ್ತೋ ಕಾರ್ಬೋರೇಟರ್ ಇತ್ತೋ, ಪೋರ್ಟ್ ಎಷ್ಟು ಮಿ.ಲೀ., ಆಮೇಲೆ ಲಿಫ್ಟ್ ಪಟ್ಟಿ. ಪುಟದ ಮೂಲೆಯಲ್ಲಿ ಕೆಂಪು ಪೆನ್ನಿನಲ್ಲಿ ಅವತ್ತಿನ ಪೆಟ್ಟಿಗೆಯ ಸುಳ್ಳು ಎಷ್ಟು ಶೇಕಡಾ ಅಂತ. ನಮ್ಮ ಶೆಡ್ಡಿಗೆ ಹೆಡ್ ತಂದವರಿಗೆ ನಾನು ಮೊದಲು ತೋರಿಸುವುದು ಆ ಕೆಂಪು ಅಂಕಿಯನ್ನೇ.